ರಂಗದ ಹಲಗೆಯ ಕೆಳಗೆ ಎಂಟು ಮೀಟರ್

ಲಂಡನ್ನಿನ ನ್ಯಾಷನಲ್ ಥಿಯೇಟರ್ ಅಂದ ಕೂಡಲೇ ಮಾತು ಅದರ ಕಾಂಕ್ರೀಟಿನ ಕಡೆ ಹೊರಳುತ್ತದೆ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ವಾಟರ್‌ಲೂ ಸೇತುವೆಯ ಮಗ್ಗುಲಲ್ಲಿ, ಬಣ್ಣ ಕಾಣದ ಬೂದು ಗೋಡೆಗಳು, ಒಂದರ ಮೇಲೊಂದು ಚಾಚಿಕೊಂಡ ಜಗಲಿಗಳು. ಲಂಡನ್ನಿನ ನಟ್ಟನಡುವೆ ಯಾರ ತಕರಾರೂ ಇಲ್ಲದೆ ಅಣುಸ್ಥಾವರ ಕಟ್ಟುವ ಜಾಣ ಉಪಾಯ ಇದು ಎಂದು ಆಗಿನ ಯುವರಾಜ ಚಾರ್ಲ್ಸ್ 1988ರಲ್ಲಿ ಹಂಗಿಸಿದ್ದರು. ಆರೇ ವರ್ಷಕ್ಕೆ, 1994ರಲ್ಲಿ, ಅದೇ ಕಟ್ಟಡ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಚಂದವೋ ಕುರೂಪವೋ ಎಂಬ ಆ ಜಗಳ ಅಲ್ಲಿಗೆ ಬಿಟ್ಟುಬಿಡೋಣ. ರಂಗಭೂಮಿಯ ಕೆಲಸ ಬಲ್ಲವರಿಗೆ ಬೇಕಾದ ಪ್ರಶ್ನೆ ಬೇರೆ: ಈ ಕಟ್ಟಡವನ್ನು ಯಾವ ಕೆಲಸಕ್ಕೆಂದು ಕಟ್ಟಿದರು, ಆ ಕೆಲಸ ಇವತ್ತು ಅಲ್ಲಿ ನಡೆಯುತ್ತಿದೆಯೇ?

ಕಟ್ಟಿದ್ದು ರಿಪರ್ಟರಿ ಪದ್ಧತಿಗಾಗಿ. ಒಂದೇ ರಂಗದ ಮೇಲೆ ಸೋಮವಾರ ಒಂದು ನಾಟಕ, ಗುರುವಾರ ಇನ್ನೊಂದು, ಮುಂದಿನ ವಾರ ಮತ್ತೆ ಮೊದಲನೆಯದು. ನದಿಯಾಚೆಯ ವೆಸ್ಟ್ ಎಂಡ್‌ನಲ್ಲಿ ಹೀಗಿಲ್ಲ. ಅಲ್ಲಿ ಒಂದು ನಾಟಕ ಒಂದು ಥಿಯೇಟರನ್ನು ಹಿಡಿದರೆ, ಟಿಕೆಟ್ ಹೋಗುವವರೆಗೆ ಅದೇ ನಾಟಕ, ವಾರಕ್ಕೆ ಎಂಟು ಪ್ರಯೋಗ. ಟಿಕೆಟ್ ನಿಂತ ವಾರವೇ ನಾಟಕವೂ ನಿಲ್ಲುತ್ತದೆ. ರಿಪರ್ಟರಿಯಲ್ಲಿ ಹಾಗೆ ಕತ್ತು ಹಿಸುಕಬೇಕಾಗಿಲ್ಲ. ಜನ ಮೆಲ್ಲಗೆ ಬರುವ ನಾಟಕವನ್ನು ವಾರಕ್ಕೆ ಎರಡೇ ಪ್ರಯೋಗಕ್ಕೆ ಇಳಿಸಿ ಉಸಿರು ಉಳಿಸಬಹುದು. ಗೆದ್ದ ನಾಟಕಕ್ಕೆ ದಿನ ಹೆಚ್ಚಿಸಬಹುದು. ಒಬ್ಬ ನಟಿ ಒಂದರಲ್ಲಿ ರಾಣಿ, ಇನ್ನೊಂದರಲ್ಲಿ ಎರಡೇ ಮಾತಿನ ದಾಸಿ. ನಾಲ್ಕು ದಿನ ಊರಲ್ಲಿದ್ದವರು ಮೂರು ನಾಟಕ ನೋಡಿ ಹೋಗಬಹುದು. ಜನರ ತೆರಿಗೆ ಹಣದಲ್ಲಿ ನಡೆಯುವ ಮಂದಿರ ವ್ಯಾಪಾರಿ ಮಂದಿರಕ್ಕಿಂತ ಬೇರೆ ಏನು ಮಾಡಬೇಕು ಎಂದು ಕೇಳಿದರೆ, ನನ್ನ ಪ್ರಕಾರ ಮೊದಲ ಉತ್ತರ ಇದೇ.

ನಮ್ಮ ಕಂಪನಿ ನಾಟಕದವರಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ಊರಲ್ಲಿ ಕ್ಯಾಂಪ್ ಹಾಕಿದ ಮೇಲೆ ಕಂಪನಿಯ ಪೆಟ್ಟಿಗೆಯಲ್ಲಿ ಹತ್ತಾರು ನಾಟಕ ಸಿದ್ಧ ಇರುತ್ತಿದ್ದವು. ಕಲೆಕ್ಷನ್ ನೋಡಿಕೊಂಡು ನಾಟಕ ಬದಲಿಸುತ್ತಿದ್ದರು. ಅದು ಸಾಧ್ಯವಾದದ್ದು ಪರದೆಯಿಂದ. ಅರಮನೆ, ಕಾಡು, ಬೀದಿ, ದರ್ಬಾರು ಎಲ್ಲ ಬಟ್ಟೆಯ ಮೇಲೆ ಬರೆದು ಸುರುಳಿ ಸುತ್ತಿದ್ದು. ಒಂದೇ ಬೀದಿ ಪರದೆ ಪೌರಾಣಿಕಕ್ಕೂ ಆಯಿತು, ಸಾಮಾಜಿಕಕ್ಕೂ ಆಯಿತು. ಹಗ್ಗ ಎಳೆದರೆ ಮುಂದಿನ ದೃಶ್ಯ. ಇಪ್ಪತ್ತನೆಯ ಶತಮಾನದ ಯುರೋಪಿನ ರಂಗಸಜ್ಜಿಕೆ ಪರದೆ ಬಿಟ್ಟು ಗಟ್ಟಿ ವಸ್ತುವಿಗೆ ಬಂದಿತು: ಉಕ್ಕಿನ ಚೌಕಟ್ಟು, ಪ್ಲೈವುಡ್ಡಿನ ಇಳಿಜಾರು ನೆಲ, ನಿಜವಾದ ಮೆಟ್ಟಿಲು, ಕೆಲವೊಮ್ಮೆ ನೀರು, ಮಣ್ಣು. ಅದನ್ನು ರಾತ್ರೋರಾತ್ರಿ ಸುರುಳಿ ಸುತ್ತಲಾಗುವುದಿಲ್ಲ. ನ್ಯಾಷನಲ್ ಥಿಯೇಟರಿನ ಯಂತ್ರಗಳೆಲ್ಲ ಹುಟ್ಟಿದ್ದು ಈ ತೊಡಕಿನಿಂದ.

ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ, ಎಫಿಂಗ್‌ಹ್ಯಾಮ್ ವಿಲ್ಸನ್ ಎಂಬ ಪುಸ್ತಕ ಪ್ರಕಾಶಕ ರಾಷ್ಟ್ರೀಯ ರಂಗಮಂದಿರ ಬೇಕೆಂದು ಬರೆದದ್ದು 1848ರಲ್ಲಿ. ಸಂಸತ್ತು ಕಾನೂನು ಮಾಡಿ ಹತ್ತು ಲಕ್ಷ ಪೌಂಡ್ ಕೊಡಲು ಒಪ್ಪಿದ್ದು 1949ರಲ್ಲಿ. 1951ರಲ್ಲಿ ಶಂಕುಸ್ಥಾಪನೆಯೇನೋ ಆಯಿತು, ಆದರೆ ಆಮೇಲೆ ಜಾಗವೇ ಬದಲಾಯಿತು. ಕಡೆಗೆ 1963ರಲ್ಲಿ ನಟ ಲಾರೆನ್ಸ್ ಒಲಿವಿಯರ್ ನೇತೃತ್ವದಲ್ಲಿ ತಂಡ ಶುರುವಾಯಿತು, ಓಲ್ಡ್ ವಿಕ್ ಎಂಬ ಹಳೆಯ ಥಿಯೇಟರಿನಲ್ಲಿ ಬಾಡಿಗೆಗೆ. ಅದೇ 1963ರಲ್ಲಿ ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ ಬಾಗಿಲು ತೆರೆಯಿತು. ನಮಗೆ ಕಟ್ಟಡ ಬಂತು, ಅದರದೇ ಆದ ತಂಡ ಬರಲಿಲ್ಲ. ಅವರಿಗೆ ತಂಡ ಬಂತು, ಕಟ್ಟಡಕ್ಕೆ ಇನ್ನೂ ಹದಿಮೂರು ವರ್ಷ ಕಾದರು. ಕರ್ನಾಟಕ ಸರ್ಕಾರದ ರಿಪರ್ಟರಿ ತಂಡ, ಬಿ.ವಿ. ಕಾರಂತರ ರಂಗಾಯಣ, ಮೈಸೂರಿನಲ್ಲಿ ಹುಟ್ಟಲು 1989 ಬೇಕಾಯಿತು. ಯಾವುದು ಮೊದಲು ಬರಬೇಕು ಎಂದು ಕೇಳಿದರೆ ನಾನು ತಂಡದ ಪಕ್ಷ. ಖಾಲಿ ಮಂದಿರ ಬಾಡಿಗೆಯ ರಿಜಿಸ್ಟರ್ ಆಗಿಬಿಡುವುದು ಬೇಗ.

ವಾಸ್ತುಶಿಲ್ಪಿ ಡೆನಿಸ್ ಲಾಸ್‌ಡನ್. ಕೆಲಸ ಶುರುವಾದದ್ದು 1969ರಲ್ಲಿ, ಮುಗಿದದ್ದು ತುಂಡುತುಂಡಾಗಿ. 1976ರ ಮಾರ್ಚ್‌ನಲ್ಲಿ ಲಿಟಲ್ಟನ್, ಅಕ್ಟೋಬರ್‌ನಲ್ಲಿ ಒಲಿವಿಯರ್, 1977ರ ಮಾರ್ಚ್‌ನಲ್ಲಿ ಕಾಟೆಸ್ಲೊ. ಒಂದೇ ಸೂರಿನಡಿ ಮೂರು ರಂಗ. ಇವುಗಳ ಜೊತೆಗೆ ಬಡಗಿ ಶಾಲೆ, ಬಣ್ಣದ ಶಾಲೆ, ವೇಷಭೂಷಣ, ವಿಗ್ಗು, ಪರಿಕರ, ತಾಲೀಮು ಕೊಠಡಿಗಳು ಎಲ್ಲ ಅದೇ ಕಟ್ಟಡದೊಳಗೆ. ಪ್ರೇಕ್ಷಕರು ಅಡ್ಡಾಡುವ ಮೊಗಸಾಲೆಯನ್ನೂ ಲಾಸ್‌ಡನ್ ನಾಲ್ಕನೆಯ ರಂಗವೆಂದೇ ಲೆಕ್ಕ ಹಿಡಿದಿದ್ದರು.

ಮೂರರಲ್ಲಿ ಲಿಟಲ್ಟನ್ ನಮಗೆಲ್ಲ ಪರಿಚಯದ ಬಗೆಯದು: ಚೌಕಟ್ಟಿನ ರಂಗ, ಸುಮಾರು 890 ಆಸನ. ಇದರ ಜಾಣ್ಮೆ ಪ್ರೇಕ್ಷಕರಿಗೆ ಕಾಣದ ಕಡೆ ಇದೆ. ಮುಖ್ಯ ರಂಗದ ಒಂದು ಪಕ್ಕದಲ್ಲೂ ಹಿಂದೆಯೂ ವಿಶಾಲವಾದ ಖಾಲಿ ರಂಗಗಳಿವೆ. ಒಂದು ನಾಟಕದ ಸೆಟ್ಟನ್ನು ಗಾಲಿಯ ವೇದಿಕೆಯ ಮೇಲೆ ಇದ್ದ ಹಾಗೇ ಪಕ್ಕಕ್ಕೆ ತಳ್ಳಿ, ಇನ್ನೊಂದನ್ನು ಹಿಂದಿನಿಂದ ಮುಂದಕ್ಕೆ ತರಬಹುದು. ಬಿಚ್ಚಿ ಕಟ್ಟುವ ಕೆಲಸ ಅರ್ಧಕ್ಕರ್ಧ ತಪ್ಪುತ್ತದೆ. ಕಾಟೆಸ್ಲೊ ಚಿಕ್ಕದು, ಆಯತಾಕಾರದ ಕೋಣೆ, ನಾನೂರರ ಆಸುಪಾಸು ಜನ. 2013ರಲ್ಲಿ ಮುಚ್ಚಿ, ರಿಪೇರಿ ಮಾಡಿ, 2014ರಲ್ಲಿ ಡಾರ್ಫ್‌ಮನ್ ಎಂಬ ಹೆಸರಿನಲ್ಲಿ ತೆರೆದರು. ಕೋಟಿಗಟ್ಟಲೆ ಕೊಟ್ಟ ದಾನಿಯ ಹೆಸರು ಅದು. ಆಸನ ಜೋಡಣೆ ಬದಲಿಸಬಹುದಾದ್ದರಿಂದ ಪ್ರಯೋಗಶೀಲ ನಾಟಕಗಳೆಲ್ಲ ಅಲ್ಲೇ ಸುಖವಾಗಿರುತ್ತವೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಕೋಣೆಯ ಬಗ್ಗೆ ಬರೆಯಲು ಹೆಚ್ಚೇನೂ ಇರುವುದಿಲ್ಲ.

ತಲೆನೋವು, ವೈಭವ ಎರಡೂ ಒಲಿವಿಯರಿನಲ್ಲಿವೆ. ಸುಮಾರು 1150 ಆಸನ. ಗ್ರೀಸ್ ದೇಶದ ಎಪಿಡಾರಸ್ ಬಯಲು ರಂಗದಿಂದ ಪ್ರೇರಣೆ ಪಡೆದು ಬೀಸಣಿಗೆಯ ಆಕಾರದಲ್ಲಿ ಹರಡಿದ ಆಸನಗಳು. ಚೌಕಟ್ಟಿಲ್ಲ, ಅಂಕದ ಪರದೆ ಇಲ್ಲ. ರಂಗದ ಮುಖ್ಯ ಬಿಂದುವಿನಲ್ಲಿ ನಿಂತ ನಟ ತಲೆ ತಿರುಗಿಸದೆ ಎಲ್ಲ ಪ್ರೇಕ್ಷಕರನ್ನೂ ಕಣ್ಣಳತೆಯಲ್ಲಿ ಹಿಡಿಯಬೇಕು ಎಂಬ ಲೆಕ್ಕದಲ್ಲಿ ಆ ಬೀಸಣಿಗೆಯ ಕೋನ 118 ಡಿಗ್ರಿ. ಲೆಕ್ಕ ಕಣ್ಣಿಗೆ ಸರಿ. ಬಾಯಿಗೆ ಅಷ್ಟು ಸರಿಯಿಲ್ಲ.

ಯಾಕೆಂದರೆ ಮನುಷ್ಯನ ದನಿ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ. ಸ್ವರಗಳು ಹೇಗೋ ಸುತ್ತ ಹಬ್ಬುತ್ತವೆ. ಸ, ತ, ಕ, ಪ ಇಂಥ ವ್ಯಂಜನಗಳ ಚೂಪು ಮಾತ್ರ ಮುಖ ಇರುವ ಕಡೆಗೇ ಹೋಗುತ್ತದೆ. ಮಾತು ಅರ್ಥವಾಗುವುದು ವ್ಯಂಜನದಿಂದ. ಚೌಕಟ್ಟಿನ ರಂಗದಲ್ಲಿ ನಟ ಕೊಂಚ ಓರೆಯಾದರೂ ಪಕ್ಕದ ಗೋಡೆ ಆ ಶಬ್ದವನ್ನು ಒಳಕ್ಕೆ ತಿರುಗಿಸಿ ಕಳಿಸುತ್ತದೆ. ಬೀಸಣಿಗೆಯ ಗೋಡೆಗಳು ಹೊರಕ್ಕೆ ಅಗಲಿಕೊಂಡು ಹೋಗುವುದರಿಂದ ಆ ಪ್ರತಿಫಲನ ಮಧ್ಯದವರಿಗೆ ಸಿಗದೆ ಹಿಂದಕ್ಕೆ ಜಾರುತ್ತದೆ. ಇಬ್ಬರು ನಟರು ಮುಖಾಮುಖಿ ನಿಂತು ಮೆಲುದನಿಯಲ್ಲಿ ಮಾತಾಡಿದರೆ, ಒಬ್ಬನ ಮಾತು ಬಲಗಡೆಯವರಿಗೆ ಗುನುಗು, ಇನ್ನೊಬ್ಬನದು ಎಡಗಡೆಯವರಿಗೆ ಗುನುಗು. ಕೇಳಿಸುವುದಿಲ್ಲ ಎಂಬ ದೂರು ಒಲಿವಿಯರಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಮದ್ದು ಎರಡು ಬಗೆ. ಮೊದಲನೆಯದು ಚಲನೆಯಲ್ಲಿ: ಮಾತಿನ ಮುಖ್ಯ ಪದ ಬರುವ ಹೊತ್ತಿಗೆ ನಟ ಮಧ್ಯದ ಅಕ್ಷಕ್ಕೆ ತಿರುಗಿರಬೇಕು, ಇಬ್ಬರ ಸಂಭಾಷಣೆಯನ್ನು ಎದುರುಬದುರು ಇಡದೆ ಒಬ್ಬರನ್ನು ಹಿಂದೆ, ಒಬ್ಬರನ್ನು ಮುಂದೆ ಕರ್ಣರೇಖೆಯಲ್ಲಿ ಇಡಬೇಕು, ವಾಕ್ಯದ ಕೊನೆಯ ಪದವನ್ನು ನುಂಗಬಾರದು. ಎರಡನೆಯದು ಮೈಕು. ಶುದ್ಧವಾದಿಗಳು ಮೈಕನ್ನು ಬೈಯುತ್ತಾರೆ. ಮೇಲಿನ ಬಾಲ್ಕನಿಯ ತುದಿಯಲ್ಲಿ ಕೂತವರು ಬೈಯುವುದಿಲ್ಲ.

ಇನ್ನು ಆ ರಂಗದ ಹೊಟ್ಟೆಯೊಳಗೆ ಇಳಿಯೋಣ. ಮೇಲಿನಿಂದ ಕಾಣುವುದು ಮಾಮೂಲಿ ತಿರುಗುರಂಗದ ವೃತ್ತ. ಆದರೆ ಅದು ಬರೀ ತಟ್ಟೆಯಲ್ಲ. ಹಲಗೆಯಿಂದ ಎಂಟು ಮೀಟರ್ ಕೆಳಕ್ಕೆ ಇಳಿದ ಡ್ರಮ್. ರಂಗತಂತ್ರ ಸಲಹೆಗಾರ ರಿಚರ್ಡ್ ಪಿಲ್‌ಬ್ರೋ ಅವರ ಕಲ್ಪನೆ. ಡ್ರಮ್ಮಿನೊಳಗೆ ಎರಡು ಏರಿಳಿಯುವ ವೇದಿಕೆಗಳಿವೆ, ಒಂದೊಂದು ಹತ್ತು ಟನ್ ಹೊರುತ್ತದೆ. ಒಂದು ವೇದಿಕೆ ರಂಗದ ಮಟ್ಟದಲ್ಲಿ ನಿಂತು ದೃಶ್ಯ ನಡೆಯುತ್ತಿರುವಾಗ ಇನ್ನೊಂದು ಕೆಳಗಿಳಿದು ಮುಂದಿನ ದೃಶ್ಯದ ಸೆಟ್ಟನ್ನು ಹೊತ್ತುಕೊಳ್ಳುತ್ತದೆ. ಡ್ರಮ್ ತಿರುಗುತ್ತದೆ, ಒಂದು ಲೋಕ ಮುಳುಗುತ್ತ ಹೋದಂತೆ ಇನ್ನೊಂದು ಸುರುಳಿ ಸುತ್ತಿಕೊಂಡು ಮೇಲೆ ಬರುತ್ತದೆ. ಇಷ್ಟನ್ನೂ ನಡೆಸುವುದು ಒಬ್ಬನೇ ಆಪರೇಟರ್.

ಹೇಳಲು ಇಷ್ಟು ಸುಲಭ. ಮಂದಿರ ತೆರೆದ ಮೇಲೆ ವರ್ಷಗಟ್ಟಲೆ ಡ್ರಮ್ ನಂಬಿಕೆಗೆ ಅರ್ಹವಾಗಿರಲಿಲ್ಲ. ಅದರ ಪೂರ್ತಿ ಸಾಮರ್ಥ್ಯವನ್ನು ಜನ ಬಾಯಿಬಿಟ್ಟು ನೋಡಿದ್ದು 1990ರ ಡಿಸೆಂಬರ್‌ನಲ್ಲಿ, ‘ದಿ ವಿಂಡ್ ಇನ್ ದಿ ವಿಲೋಸ್’ ನಾಟಕಕ್ಕೆ ನದಿ ದಂಡೆಯೂ ಪ್ರಾಣಿಗಳ ಬಿಲಮನೆಗಳೂ ನೆಲದಿಂದ ಎದ್ದು ಬಂದಾಗ. ಇಂಥ ಯಂತ್ರದಲ್ಲಿ ಮೋಟರ್ ಸುಟ್ಟುಹೋಗುವುದು ಅಪರೂಪ. ಕೈಕೊಡುವುದು ಸುರಕ್ಷತೆಯ ಸರಣಿ. ವೇದಿಕೆಯ ಅಂಚಿಗೂ ನೆಲಕ್ಕೂ ನಡುವೆ ಕಾಲು ಸಿಕ್ಕಿಹಾಕಿಕೊಳ್ಳದಂತೆ ಅಂಚುಗಳಲ್ಲಿ ಸೆನ್ಸರ್, ಮೇಲೆ ಕೆಳಗೆ ಮಿತಿಯ ಸ್ವಿಚ್, ಬಾಗಿಲುಗಳಿಗೆ ಬೀಗದ ಸ್ವಿಚ್. ಎಲ್ಲವೂ ಸರಿ ಎನ್ನದ ಹೊರತು ವೇದಿಕೆ ಒಂದು ಮಿಲಿಮೀಟರ್ ಕದಲುವುದಿಲ್ಲ, ಕದಲಲೂಬಾರದು. ಸೆನ್ಸರಿನ ಮುಂದೆ ಒಂದು ತುಂಡು ಟೇಪ್ ಅಂಟಿಕೊಂಡರೂ ಸಾಕು, ಹತ್ತು ಟನ್ ಹೊರುವ ಯಂತ್ರ ಹಟ ಹಿಡಿದ ಕೋಣದ ಹಾಗೆ ನಿಂತುಬಿಡುತ್ತದೆ. ಆಗ ಸ್ಟೇಜ್ ಮ್ಯಾನೇಜರ್ ನಾಟಕ ನಿಲ್ಲಿಸಿ, ಪ್ರೇಕ್ಷಕರಿಗೆ ಹೇಳಿ, ನಟರನ್ನು ರಂಗದಿಂದ ತೆಗೆದು, ತಂತ್ರಜ್ಞರನ್ನು ಕೆಳಗಿಳಿಸಬೇಕು. ಆದ್ದರಿಂದ ಡ್ರಮ್ ಬಳಸುವ ಪ್ರತಿ ನಾಟಕಕ್ಕೂ ಡ್ರಮ್ ಕದಲದಿದ್ದರೆ ಹೇಗೆ ಮುಗಿಸುವುದು ಎಂಬ ಎರಡನೆಯ ಪ್ಲಾನು ತಾಂತ್ರಿಕ ತಾಲೀಮಿನಲ್ಲೇ ಸಿದ್ಧವಾಗಿರಬೇಕು. ಕೆಳಗಿನ ವೇದಿಕೆಯಲ್ಲಿ ಕಾದು ಕೂತ ನಟ ಮೆಟ್ಟಿಲು ಹತ್ತಿ ಎಷ್ಟು ಹೊತ್ತಿಗೆ ಮೇಲೆ ಬರಬಲ್ಲ ಎಂಬುದನ್ನೂ ಗಡಿಯಾರ ಹಿಡಿದು ನೋಡಿರಬೇಕು.

ಈಗ ನಾಟಕ ಬದಲಿಸುವ ರಾತ್ರಿಯ ಲೆಕ್ಕ. ಹತ್ತೂವರೆಗೆ ಪ್ರಯೋಗ ಮುಗಿಯಿತು ಎಂದಿಟ್ಟುಕೊಳ್ಳಿ, ನಾಳೆ ಸಂಜೆ ಏಳೂವರೆಗೆ ಬೇರೆ ನಾಟಕ. ಕೈಯಲ್ಲಿ ಇಪ್ಪತ್ತೊಂದು ಗಂಟೆ. ಮೊದಲು ಪರಿಕರ ಎತ್ತಬೇಕು: ಕತ್ತಿ, ಬಂದೂಕು ಎಣಿಸಿ ಬೀಗದೊಳಗೆ, ಒಡೆಯುವಂಥವು ಪೆಟ್ಟಿಗೆಗೆ, ತಿನ್ನುವ ಪದಾರ್ಥ ಕಸಕ್ಕೆ. ವೇಷಭೂಷಣ ಒಗೆಯಲು ಹೋಗುತ್ತದೆ. ಆಮೇಲೆ ಸೆಟ್. ನೇತಾಡುವುದನ್ನು ಮೊದಲು ಮೇಲಕ್ಕೆ ಎಳೆದು ಭದ್ರಪಡಿಸಿಯೇ ನೆಲದ್ದಕ್ಕೆ ಕೈ ಹಾಕುವುದು, ಏಕೆಂದರೆ ಬಿಚ್ಚುವವರ ತಲೆಯ ಮೇಲೆ ಸಡಿಲ ತೂಕ ಇರಬಾರದು. ಒಲಿವಿಯರಿನಲ್ಲಿ ರಂಗದ ಅಗಲಕ್ಕೂ ಹಾಯುವ ಸಾಲು ಕೋಲುಗಳ ಬದಲು ಬಿಡಿಬಿಡಿ ತಂತಿಗಳ ಯಾಂತ್ರಿಕ ವ್ಯವಸ್ಥೆ ಇದೆ. ಚೌಕಟ್ಟಿಲ್ಲದ ರಂಗದ ಓರೆಕೋರೆಗೆ ಅದೇ ಸರಿ. ಆದರೆ ನಾಲ್ಕು ತಂತಿಯಲ್ಲಿ ನೇತಾಡುವ ಚಾವಣಿಗೆ ನಾಲ್ಕೂ ಸರಿಸಮ ಓಡಬೇಕು, ಒಂದು ಹಿಂದೆ ಬಿದ್ದರೆ ಭಾರವೆಲ್ಲ ಉಳಿದ ಮೂರರ ಮೇಲೆ.

ಬೆಳಗ್ಗೆ ಹೊಸ ತಂಡ ಬಂದು ಎರಡನೆಯ ನಾಟಕದ ನೆಲ ಹಾಸುತ್ತದೆ. ಇಲ್ಲಿ ಒಂದು ಚಿಕ್ಕ ಸಂಗತಿ ಇಡೀ ದಿನವನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ: ಗುರುತಿನ ಟೇಪು. ಪ್ರತಿ ನಾಟಕಕ್ಕೂ ಒಂದೊಂದು ಬಣ್ಣ. ಮೇಜಿನ ನಾಲ್ಕು ಕಾಲಿಗೆ ನಾಲ್ಕು ಮೂಲೆ, ಕುರ್ಚಿಗೆ ಎರಡು, ಬಾಗಿಲು ಚೌಕಟ್ಟಿಗೆ ಎರಡು. ಹಳೆಯ ನಾಟಕದ ಹಳದಿ ಟೇಪು ಸವೆದು ಬಿಳಿಯಂತೆ ಕಂಡು, ಬಿಳಿ ಗುರುತಿನ ನಾಟಕದ ಮೇಜು ಅಲ್ಲಿ ಕೂತರೆ, ಸಂಜೆ ನಟನ ಮುಖ ಕತ್ತಲಲ್ಲಿರುತ್ತದೆ. ಬೆಳಕಿನವರು ಗುರಿ ಇಟ್ಟದ್ದು ಒಂದು ಅಡಿ ಆಚೆಗೆ. ಮಧ್ಯಾಹ್ನ ಲೈಟುಗಳ ಫೋಕಸ್ ಪರೀಕ್ಷೆ. ತಾವೇ ತಿರುಗುವ ಲೈಟು ಬಂದ ಮೇಲೆ ಏಣಿ ಹತ್ತುವ ಕೆಲಸ ತುಂಬಾ ಕಡಿಮೆಯಾಗಿದೆ, ನಾಟಕಕ್ಕೆ ತಕ್ಕ ಸ್ಥಾನವನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಆದರೆ ಸೆಟ್ಟೇ ಐದು ಸೆಂಟಿಮೀಟರ್ ಸರಿದು ಕೂತಿದ್ದರೆ ನೆನಪಿನ ಸ್ಥಾನವೂ ತಪ್ಪೇ. ಒಂದೊಂದೇ ಲೈಟು ಹಚ್ಚಿ, ಬರೆದಿಟ್ಟ ಪಟ್ಟಿಯೊಂದಿಗೆ ತಾಳೆ ನೋಡುವುದು ಇಂದಿಗೂ ತಪ್ಪಿಲ್ಲ. ಆಮೇಲೆ ಧ್ವನಿ, ಮೈಕು, ಯಂತ್ರಗಳ ಓಡಾಟ. ಹೊಡೆದಾಟ ಇರುವ ನಾಟಕವಾದರೆ ಅದನ್ನು ನಿಧಾನಗತಿಯಲ್ಲಿ ಒಮ್ಮೆ ಮಾಡಿಸಿಯೇ ನಟರನ್ನು ಬಣ್ಣಕ್ಕೆ ಬಿಡುವುದು. ನಾಲ್ಕು ದಿನ ಬಿಡುವಾದ ಮೇಲೆ ಕೈ ಮರೆತಿರುತ್ತದೆ.

ಈ ಇಪ್ಪತ್ತೊಂದು ಗಂಟೆಗೆ ಎರಡು ಪಾಳಿ ಸಿಬ್ಬಂದಿ, ರಾತ್ರಿ ಕೆಲಸಕ್ಕೆ ಹೆಚ್ಚಿನ ಕೂಲಿ, ಇಡಲು ಗೋದಾಮು, ಸಾಗಿಸಲು ಲಾರಿ, ನಾಟಕವಿಲ್ಲದ ರಾತ್ರಿಗೂ ನಟರಿಗೆ ಸಂಬಳ. ಟಿಕೆಟ್ಟಿನ ಒಂದು ಪೆನ್ನಿಯೂ ಇದರಿಂದ ಹೆಚ್ಚು ಬರುವುದಿಲ್ಲ. ಹಣ ಬಿಗಿಯಾದಾಗ ಲೆಕ್ಕದವರ ಕಣ್ಣು ಮೊದಲು ಬೀಳುವುದು ಇಲ್ಲಿಗೇ. ಕೋವಿಡ್ ಮುಚ್ಚುಗಡೆಯ ನಂತರ ನ್ಯಾಷನಲ್ ಥಿಯೇಟರ್ ಬಹುಪಾಲು ಒಂದು ನಾಟಕ ಮುಗಿಸಿ ಇನ್ನೊಂದನ್ನು ಹಿಡಿಯುವ ದಾರಿಗೆ ಬಂದಿತು. ಅಂದರೆ ರಿಪರ್ಟರಿಗೆಂದೇ ಕಟ್ಟಿದ ಪಕ್ಕರಂಗ, ಹಿಂರಂಗಗಳು ವ್ಯಾಪಾರಿ ಥಿಯೇಟರಿನ ಕ್ರಮದಲ್ಲಿ ದುಡಿಯುತ್ತಿವೆ. ಆಡಳಿತ ಮಾಡಿದವರನ್ನು ದೂರುವುದು ಸುಲಭ, ಆದರೆ ಅಂಕಿ ನೋಡಿ. ಇಂಗ್ಲೆಂಡಿನ ಕಲಾ ಮಂಡಳಿ 2022ರ ಕೊನೆಯಲ್ಲಿ ವಾರ್ಷಿಕ ಅನುದಾನವನ್ನು ಸುಮಾರು 1.61 ಕೋಟಿ ಪೌಂಡಿಗೆ ಇಳಿಸಿತು. ಒಟ್ಟು ವರಮಾನದ ಐದನೆಯ ಒಂದು ಪಾಲೂ ಅದಲ್ಲ. ಉಳಿದದ್ದನ್ನು ಟಿಕೆಟ್, ದಾನಿಗಳು, ಕಾಫಿ, ಕಟ್ಟಡದ ಬಾಡಿಗೆ, ಹೊರಗೆ ಓಡುವ ನಾಟಕಗಳು ತರಬೇಕು.

ಕೊರತೆ ಹೊಸದೂ ಅಲ್ಲ. 1970ರ ದಶಕದ ಕೊನೆಯಲ್ಲಿ ರಂಗಸಿಬ್ಬಂದಿಯ ಮುಷ್ಕರ ಪ್ರಯೋಗಗಳನ್ನೇ ನಿಲ್ಲಿಸಿತ್ತು. 1985ರಲ್ಲಿ ಸಂಸ್ಥೆಯ ನಿರ್ದೇಶಕ ಪೀಟರ್ ಹಾಲ್ ದುಡ್ಡಿಲ್ಲವೆಂದು ಕಾಟೆಸ್ಲೊವನ್ನು ಕೆಲಕಾಲ ಮುಚ್ಚಿದರು. ಲಂಡನ್ ನಗರಾಡಳಿತದ ನೆರವು ಬಂದ ಮೇಲೆ ತೆರೆದರು. ನನಗೆ ಹೆಚ್ಚು ಮೆಚ್ಚುಗೆಯಾಗುವ ಉಪಾಯ 2003ರದು. ನಿಕೊಲಸ್ ಹೈಟ್ನರ್ ನಿರ್ದೇಶಕರಾಗಿ ಬಂದ ಕೂಡಲೇ ಒಲಿವಿಯರಿನ ಮೂರನೆಯ ಎರಡು ಪಾಲು ಆಸನಗಳನ್ನು ಹತ್ತು ಪೌಂಡಿಗೆ ಮಾರಿದರು. ಪ್ರಾಯೋಜಕರ ಹಣ ಒಂದಷ್ಟು ಭಾರ ಹೊತ್ತಿತು. ಉಳಿದದ್ದನ್ನು ಹೊತ್ತದ್ದು ಸೆಟ್ಟಿನ ಬಜೆಟ್ಟಿಗೆ ಬಿದ್ದ ಕತ್ತರಿ. ಅಗ್ಗದ ಟಿಕೆಟ್, ಬರಿದಾದ ರಂಗ. ಆ ದೊಡ್ಡ ಬೀಸಣಿಗೆಯನ್ನು ಗಟ್ಟಿ ಸೆಟ್ಟಿನಿಂದ ತುಂಬುವ ಹಟ ಬಿಟ್ಟಾಗ ನಟ ದೊಡ್ಡವನಾಗಿ ಕಂಡ. ನೀನಾಸಂ ತಿರುಗಾಟದವರು 1985ರಿಂದ ಲಾರಿಯಲ್ಲಿ ಹಿಡಿಸುವಷ್ಟೇ ಸೆಟ್ಟಿನಲ್ಲಿ ಊರೂರಿಗೆ ನಾಟಕ ಬದಲಿಸಿ ಆಡುತ್ತ ಬಂದದ್ದನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ.

2007ರಲ್ಲಿ ಬಂದ ‘ವಾರ್ ಹಾರ್ಸ್’ ಇನ್ನೊಂದು ಕತೆ. ದಕ್ಷಿಣ ಆಫ್ರಿಕಾದ ಗೊಂಬೆ ತಯಾರಕರು ಮಾಡಿದ ಆಳೆತ್ತರದ ಕುದುರೆಗಳು, ಒಂದೊಂದಕ್ಕೆ ಮೂವರು ಆಡಿಸುವವರು. ವೆಸ್ಟ್ ಎಂಡ್‌ನಲ್ಲಿ 2009ರಿಂದ 2016ರವರೆಗೆ ಓಡಿ, ಅನುದಾನ ಕಡಿತದ ವರ್ಷಗಳಲ್ಲಿ ಮನೆ ನಡೆಸಿತು. ಅಪಾಯ ಅಲ್ಲೇ ಇದೆ. ಇಂಥ ನಾಟಕವನ್ನು ಬೇಕೆಂದಾಗ ಹುಟ್ಟಿಸಲಾಗದು, ಆದರೆ ಬಜೆಟ್ ಅದರ ಮೇಲೆ ನಿಂತುಬಿಡುತ್ತದೆ. ಅದು ನಿಂತ ವರ್ಷ ಗುಂಡಿ ಕಾಣುತ್ತದೆ.

ರಾಷ್ಟ್ರದ್ದು ಎನ್ನುವ ಹೆಸರಿಗೆ ಲಂಡನ್ನಿನಿಂದಾಚೆಯ ತೆರಿಗೆದಾರರ ಪ್ರಶ್ನೆ ಸದಾ ಇದ್ದದ್ದೇ: ನಮಗೇನು ಸಿಕ್ಕಿತು? ಪ್ರವಾಸ ಕಳಿಸುವುದು ಹಳೆಯ ಉತ್ತರ. 2009ರ ಜೂನ್‌ನಲ್ಲಿ ಶುರುವಾದ ನ್ಯಾಷನಲ್ ಥಿಯೇಟರ್ ಲೈವ್ ಹೊಸ ಉತ್ತರ: ಪ್ರಯೋಗವನ್ನು ಹಲವು ಕ್ಯಾಮೆರಾಗಳಿಂದ ಹಿಡಿದು ಸಿನಿಮಾ ಮಂದಿರಗಳಿಗೆ ಬಿಡುವುದು. ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಭಾರತದವರೂ ನೋಡಿದ್ದಾರೆ. ಕ್ಯಾಮೆರಾ ಒಲಿವಿಯರಿನ ದೊಡ್ಡ ತೊಂದರೆಯನ್ನು, ಕೇಳಿಸದಿರುವುದನ್ನು, ಮುಚ್ಚಿಬಿಡುತ್ತದೆ. ಜೊತೆಗೆ ರಂಗದ ಅಗಲವನ್ನೂ ತಿಂದುಹಾಕುತ್ತದೆ. ಡ್ರಮ್ ಏಳುವಾಗ ಕ್ಯಾಮೆರಾ ನಟನ ಮುಖ ಹಿಡಿದಿದ್ದರೆ ನೋಡುಗನಿಗೆ ಯಂತ್ರವೇ ಸಿಗದು.

ಇನ್ನು ಯಾರ ಕತೆ ಎಂಬ ಪ್ರಶ್ನೆ. ಚೆನ್ನೈನ ಅನುಪಮಾ ಚಂದ್ರಶೇಖರ್ ಬರೆದ, ಗೋಡ್ಸೆಯನ್ನು ನಡುವೆ ನಿಲ್ಲಿಸಿದ ‘ದಿ ಫಾದರ್ ಅಂಡ್ ದಿ ಅಸ್ಯಾಸಿನ್’ 2022ರಲ್ಲಿ ಒಲಿವಿಯರಿನಲ್ಲೇ ಆಯಿತು, ಚಿಕ್ಕ ಡಾರ್ಫ್‌ಮನ್ನಿನಲ್ಲಲ್ಲ. ನಿರ್ದೇಶಿಸಿದ ಇಂದು ರುಬಸಿಂಗಂ 2025ರಲ್ಲಿ ಇಡೀ ಸಂಸ್ಥೆಯ ಚುಕ್ಕಾಣಿ ಹಿಡಿದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಅವರ ಅವಧಿಯ ಮೊದಲ ನಾಟಕಕ್ಕೆ ಮೊದಲ ಸಲ ನಾಟಕ ಬರೆದವರನ್ನು ಒಲಿವಿಯರಿಗೇ ಬಿಟ್ಟರು. ಅಪಾಯದ ಕೆಲಸ, ಸರಿಯಾದ ಕೆಲಸ.

2024ರ ಮಾರ್ಚ್ ಬಜೆಟ್‌ನಲ್ಲಿ ಬ್ರಿಟಿಷ್ ಸರ್ಕಾರ 2.64 ಕೋಟಿ ಪೌಂಡ್ ಘೋಷಿಸಿದ್ದು ಹೊಸ ನಾಟಕಕ್ಕಲ್ಲ, ರಂಗಗಳ ಮತ್ತು ಕಟ್ಟಡದ ಸಲಕರಣೆ ನವೀಕರಣಕ್ಕೆ. ಐವತ್ತು ವರ್ಷದ ಯಂತ್ರಕ್ಕೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಬೇಕು. ಸಂರಕ್ಷಿತ ಕಟ್ಟಡವಾದ್ದರಿಂದ ಗೋಡೆಗೆ ಕೈ ಹಾಕುವ ಮುನ್ನ ಅನುಮತಿ ಬೇಕು. ದಾನಿಗಳು ಹಣ ಕೊಡುವುದು ಹೆಸರು ಬರೆಸಬಹುದಾದ ಕೋಣೆಗೆ, ಲಿಫ್ಟಿನ ಗೇರಿಗೆ ಅಲ್ಲ. ಹಾಗಾಗಿ ಈ ಖರ್ಚು ಸರ್ಕಾರದ ಮೇಲೇ ಬರುವುದು.

ಆ ಕಡೆ ಹೋಗುವವರಿಗೆ ಎರಡು ಮಾತು. ಒಲಿವಿಯರಿನಲ್ಲಿ ಆಸನ ಆರಿಸುವಾಗ ಹತ್ತಿರಕ್ಕಿಂತ ಮಧ್ಯ ಮುಖ್ಯ. ಮುಂದಿನ ಸಾಲಿನ ತುದಿಗಿಂತ ಮೇಲಿನ ಬಾಲ್ಕನಿಯ ನಡು ಮೇಲು. ಡ್ರಮ್ ಬಳಸುವ ನಾಟಕವಾದರಂತೂ ಮೇಲಿನಿಂದ ನೋಡಿದರೇ ಅದರ ತಿರುಪು ಅರ್ಥವಾಗುವುದು. ಟಿಕೆಟ್ ಸಿಗದಿದ್ದರೂ ಮೊಗಸಾಲೆಗೆ ಹೋಗಿ ಕೂರಲು ಯಾರ ಅಡ್ಡಿಯೂ ಇಲ್ಲ. 2014ರಲ್ಲಿ ಮಾಡಿದ, ಶರ್ಲಿಂಗ್ ಎಂಬ ಹೆಸರಿನ ಎತ್ತರದ ನಡೆದಾರಿಯಿಂದ ಸೆಟ್ ಕಟ್ಟುವ, ಬಣ್ಣ ಬಳಿಯುವ ಕೋಣೆಗಳು ಗಾಜಿನಾಚೆ ಕಾಣುತ್ತವೆ. ಕೆಲಸದ ದಿನ ಹೋಗಿ.